ಸಾದಾ ಹಲಗೆ

“ಮೇಷ್ಟ್ರೇ, ಹೊಸ ಬಾಗಿಲುಗಳನ್ನು ಇಟ್ಟ ಮೇಲೆ ಹಳೆಯ ಬಾಗಿಲನ್ನು ಮುಚ್ಚಲೇಬೇಕೆ? ಅದೂ ಒಂದು ಪಕ್ಕದಲ್ಲಿ ಇದ್ದರೆ ಏನು ನಷ್ಟ?”

ಕೇಳಿದವಳು ನೀಲಗಂಗಾ. ಮೇಷ್ಟ್ರು ಕಾಲೇಜಿನಲ್ಲಿ ಅವಳಿಗೆ ಭೌತಶಾಸ್ತ್ರ ಕಲಿಸಿದ್ದವರು, ಈಗ ನಿವೃತ್ತರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವಳು ಬಂದು ಒಂದು ಪ್ರಶ್ನೆ ಕೇಳುವುದು, ಅವರು ಉತ್ತರ ಹೇಳದೆ ಕತೆ ಹೇಳುವುದು ಇಬ್ಬರಿಗೂ ರೂಢಿಯಾಗಿತ್ತು.

“ಯಾವ ಬಾಗಿಲು?” ಎಂದರು ಮೇಷ್ಟ್ರು.

ನೀಲಗಂಗಾ ವಿವರಿಸಿದಳು. ಅವಳ ಕಚೇರಿ ನಾಲ್ಕು ಸಾವಿರ ಸರ್ವರ್‌ಗಳನ್ನು ನೋಡಿಕೊಳ್ಳುತ್ತದೆ. ಯಾರಿಗೆ ಹೊಸ ಯಂತ್ರ ಬೇಕು, ಯಾರಿಗೆ ಇದ್ದದ್ದು ಬೇಡ, ಯಾರಿಗೆ ಹೆಚ್ಚು ಜಾಗ ಬೇಕು ಎಂಬ ವಿನಂತಿಗಳೆಲ್ಲ ಎಪಿಐ ಎಂಬ ಒಂದು ಕಿಂಡಿಯ ಮೂಲಕ ಬರುತ್ತವೆ. ಬಂದು ಕೇಳುವವರು ಮನುಷ್ಯರಲ್ಲ, ಬೇರೆ ಬೇರೆ ತಂಡಗಳು ಬರೆದ ಪ್ರೋಗ್ರಾಂಗಳು. ಇದ್ದದ್ದನ್ನು ನೋಡಲು ಯಾವ ಕಟ್ಟುಪಾಡೂ ಇಲ್ಲ. ಇದ್ದದ್ದನ್ನು ಬದಲಿಸಲು ಮಾತ್ರ ಒಂದು ಬಾಗಿಲು ಇತ್ತು. ಅದರ ಹೆಸರೇ ‘ಬದಲಿಸು’. ಅದರೊಳಗೆ ಏನು ಬರೆದು ಹಾಕಿದರೂ ವ್ಯವಸ್ಥೆ ಅರ್ಥವನ್ನು ಊಹಿಸಿಕೊಂಡು ಮಾಡಿಬಿಡುತ್ತಿತ್ತು. ಕಳೆದ ತಿಂಗಳು ಯಾರೋ ‘ಡಿಸ್ಕ್ ಖಾಲಿ ಮಾಡು’ ಎಂದು ಬರೆದರು, ಯಾವ ಯಂತ್ರದ ಡಿಸ್ಕ್ ಎಂದು ಬರೆಯಲು ಮರೆತರು. ವ್ಯವಸ್ಥೆ ಒಂದು ಇಡೀ ಸಾಲಿನ ಎಲ್ಲ ಯಂತ್ರಗಳದ್ದೂ ಎಂದುಕೊಂಡಿತು. ಒಂದು ಗ್ರಂಥಾಲಯದ ಮೂರು ವರ್ಷದ ಪುಸ್ತಕ ಪಟ್ಟಿ ಅಳಿಸಿಹೋಯಿತು.

ಆಮೇಲೆ ನೀಲಗಂಗಾ ಹನ್ನೊಂದು ಹೊಸ ಬಾಗಿಲುಗಳನ್ನು ಮಾಡಿದಳು. ಒಂದೊಂದು ಕೆಲಸಕ್ಕೆ ಒಂದೊಂದು. ಯಾವ ಬಾಗಿಲಲ್ಲಿ ಏನೇನು ಹೇಳಬೇಕೆಂದು ಮೊದಲೇ ಗೊತ್ತು ಮಾಡಿದಳು. ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯೇ ಇರಬೇಕು, ಹೆಸರು ಇರಬೇಕಾದಲ್ಲಿ ಹೆಸರೇ. ಒಂದು ಕಡಿಮೆಯಾದರೂ ವಿನಂತಿ ಕಳಿಸುವವರ ಮನೆಯಿಂದಲೇ ಹೊರಡುವುದಿಲ್ಲ.

“ಹೊಸದನ್ನು ಎಲ್ಲರೂ ಒಪ್ಪಿದ್ದಾರೆ ಮೇಷ್ಟ್ರೇ. ಆದರೆ, ‘ಮುಂಬಾಗಿಲು ಎಷ್ಟು ಬೇಕಾದರೂ ಇಡು ಮಾರಾಯ್ತಿ, ಹಿತ್ತಲ ಬಾಗಿಲಿಗೆ ಮಾತ್ರ ಬೀಗ ಹಾಕಬೇಡ’ ಅನ್ನುತ್ತಾರೆ. ನಾಳೆ ನಾನು ತೀರ್ಮಾನ ಹೇಳಬೇಕು.”

“ಏನು ಹೇಳುತ್ತೀ?”

“ಇರಲಿ ಬಿಡಿ ಅಂತಲೇ ಹೇಳೋಣ ಅಂದುಕೊಂಡಿದ್ದೇನೆ.”

ಮೇಷ್ಟ್ರು ಹೇಳತೊಡಗಿದರು.

ಒಂದು ಕೆರೆ. ಕೆರೆಗೆ ಮೂರು ತೂಬು: ಮೇಲಿನದು, ನಡುವಿನದು, ಕೆಳಗಿನದು. ತೂಬುಗಳ ಕೆಳಗೆ ಏಳು ಊರು. ಏರಿಯ ಮೇಲೆ ಒಂದು ಗುಡಿಸಲು. ಗುಡಿಸಲಿನಲ್ಲಿ ಒಬ್ಬ ನೀರಗಂಟಿ. ತೂಬಿನ ಕದ ಎತ್ತುವ ಕೈ, ಇಳಿಸುವ ಕೈ ಅವನದೊಂದೇ. ಅವನ ಅಪ್ಪನದೂ ಅದೇ ಕೆಲಸ, ತಾತನದೂ ಅದೇ.

ಆ ಮನೆತನಕ್ಕೆ ಒಂದು ಹೆಮ್ಮೆ ಇತ್ತು. ತಾತ ಯಾವ ಊರಿನ ಮಾತಿಗೂ ‘ಇಲ್ಲ’ ಅಂದವನಲ್ಲ. ಅಪ್ಪನೂ ಅಂದವನಲ್ಲ. ಮಗನೂ ಅನ್ನುತ್ತಿರಲಿಲ್ಲ. ಊರುಗಳಿಂದ ದಾರಿಹೋಕರ ಬಾಯಲ್ಲಿ ಮಾತು ಬರುತ್ತಿತ್ತು. ಒಬ್ಬ “ಸ್ವಲ್ಪ ಬಿಡಣ್ಣ” ಅನ್ನುವನು. ಇನ್ನೊಬ್ಬ “ಮೊನ್ನೆಯಷ್ಟೇ ಬಿಡಬೇಕಂತೆ” ಅನ್ನುವನು. ಮತ್ತೊಬ್ಬ “ನಮ್ಮೂರಿಗೆ ನೀರು” ಎಂದಷ್ಟೇ ಹೇಳಿ ಮುಂದೆ ಹೋಗುವನು. ಯಾವ ತೂಬು, ಎಷ್ಟು ಎತ್ತರ, ಎಷ್ಟು ಹೊತ್ತು ಎಂಬುದನ್ನು ನೀರಗಂಟಿ ತಾನೇ ತುಂಬಿಕೊಳ್ಳುತ್ತಿದ್ದ. ಹೆಚ್ಚಿನ ಸಲ ಸರಿಯಾಗಿಯೇ ತುಂಬಿಕೊಳ್ಳುತ್ತಿದ್ದ. ಒಂದು ಸಲ ಒಬ್ಬ ಪೂಜಾರಿ “ದೇವರ ಅಭಿಷೇಕಕ್ಕೆ ನೀರು ಬೇಕಂತೆ” ಎಂದು ಹೇಳಿಕಳಿಸಿದ. ನೀರಗಂಟಿ ಕೆಳಗಿನ ತೂಬು ಎತ್ತಿದ. ದೇವರಿಗೂ ಆಯಿತು, ಪೂಜಾರಿಯ ಸೌತೆ ಮಡಿಗೂ ಆಯಿತು. ಊರೆಲ್ಲ ನಕ್ಕಿತು. ನೀರಗಂಟಿಯೂ ನಕ್ಕ. “ಇಂಥ ನೀರಗಂಟಿ ಸಿಕ್ಕಿದ್ದು ಏಳೂರಿನ ಪುಣ್ಯ” ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದ.

ಕೊಯ್ಲಿನ ಕಾಲ. ಒಂದು ಬೆಳಿಗ್ಗೆ ಒಬ್ಬ ಕುಂಬಾರ ಮಡಕೆ ಹೊತ್ತು ಏರಿಯ ಮೇಲೆ ಬಂದ.

“ಕೆಳಗಿನ ತೂಬು ಎತ್ತಬೇಕಂತೆ. ಗೌಡರು ಹೇಳಿದರು.”

ನೀರಗಂಟಿ ಎತ್ತಿದ. ಗೌಡ ಕುಂಬಾರನಿಗೆ ಹೇಳಿದ್ದು, ದನಗಳ ಕಟ್ಟೆ ತುಂಬಲು ಎರಡು ಗಳಿಗೆ ನೀರು ಬೇಕು ಎಂದು. ಎರಡು ಗಳಿಗೆ ಎಂಬುದು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ನೀರಗಂಟಿ ಅಲ್ಲಿ ತನ್ನ ಲೆಕ್ಕ ತುಂಬಿಕೊಂಡ. ಕೆಳಗಿನ ತೂಬು ಎತ್ತಿದರೆ ಹೊತ್ತು ಮುಳುಗುವವರೆಗೆ ಬಿಡುವುದು ವಾಡಿಕೆ. ಹಾಗೆಯೇ ಬಿಟ್ಟ.

ಕಟ್ಟೆ ತುಂಬಿತು. ತುಂಬಿ ಹರಿಯಿತು. ಕಟ್ಟೆಯ ಕೆಳಗೆ ಒಬ್ಬ ರೈತ ಹೆಂಗಸಿನ ಗದ್ದೆ ಇತ್ತು. ಬತ್ತ ಕೊಯ್ದು ಒಣಗಲು ಹಾಸಿದ್ದಳು. ನೀರು ಅದರ ಮೇಲೆ ನಿಂತಿತು. ನಾಲ್ಕನೆಯ ದಿನ ತೆನೆಯಲ್ಲೇ ಬತ್ತ ಮೊಳೆಯಿತು.

ಪಂಚಾಯಿತಿ ಸೇರಿತು. ಗೌಡ “ಎರಡು ಗಳಿಗೆ ಅಂತ ನಾನು ಸ್ಪಷ್ಟವಾಗಿ ಹೇಳಿದ್ದೆ” ಎಂದ. ಕುಂಬಾರ “ಎತ್ತು ಅಂದೆ. ಇಳಿಸಬೇಡ ಅಂತ ಅಂದೆನಾ?” ಎಂದ. ನೀರಗಂಟಿ “ಹೇಳಿದ್ದನ್ನು ಮಾಡಿದೆ” ಎಂದ. ಮೂವರ ಮಾತೂ ನಿಜವಾಗಿತ್ತು. ಪಂಚಾಯಿತಿ ಎದ್ದುಹೋಯಿತು.

ಮರುದಿನ ಆ ಹೆಂಗಸು ಏರಿ ಹತ್ತಿ ಬಂದಳು. ಒಂದು ಹಿಡಿ ಮೊಳಕೆ ಬತ್ತವನ್ನು ನೀರಗಂಟಿಯ ಅಂಗೈಯಲ್ಲಿ ಇಟ್ಟಳು.

“ನಿನ್ನ ತಪ್ಪಿಲ್ಲವಂತೆ ಅಣ್ಣ. ಗೌಡರ ತಪ್ಪೂ ಇಲ್ಲವಂತೆ. ಕುಂಬಾರನ ತಪ್ಪೂ ಇಲ್ಲವಂತೆ. ಹಾಗಾದರೆ ಇದನ್ನ ಮೊಳೆಸಿದ್ದು ಯಾರು, ನಾನಾ?”

ಅವಳು ಇಳಿದುಹೋದ ಮೇಲೆ ಬಹಳ ಹೊತ್ತು ಅವನು ಅಂಗೈ ನೋಡುತ್ತ ನಿಂತಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ, ಆದರೂ ಬತ್ತ ಮೊಳೆತಿತ್ತು. ಇದು ಅವನಿಗೆ ವಿಚಿತ್ರವಾಗಿ ಕಂಡಿತು. ಅವನು ಒಬ್ಬ ಬಡಗಿಯ ಹತ್ತಿರ ಹೋದ.

“ಅರ್ಧ ಮಾತು ನನ್ನ ತನಕ ಬರದ ಹಾಗೆ ಏನಾದರೂ ಮಾಡಿಕೊಡು” ಎಂದ.

ಬಡಗಿ ಉಳಿ ಕೆಳಗಿಟ್ಟ. “ಜನ ನಿನ್ನನ್ನು ಎಷ್ಟು ಬಗೆಯ ಕೆಲಸ ಕೇಳುತ್ತಾರೆ?”

“ಎಷ್ಟು ಬಗೆ ಅಂತ ಹೇಳಲಿ? ಏಳೂರಿನ ಜನ. ಸಾವಿರ ಬಗೆ.”

“ಎಣಿಸಿದ್ದೀಯಾ?”

“ಇಲ್ಲ.”

“ಎಣಿಸಿಕೊಂಡು ಬಾ.”

ನೀರಗಂಟಿಗೆ ಓದು ಬರಹ ಬರುತ್ತಿರಲಿಲ್ಲ. ಗುಡಿಸಲಿನ ಬಾಗಿಲಲ್ಲಿ ಒಂದು ಗಡಿಗೆ ಇಟ್ಟ. ಒಂದು ಬಗೆಯ ಕೆಲಸಕ್ಕೆ ಒಂದು ಬಗೆಯ ಕಾಳು. ತೂಬು ಎತ್ತು ಅಂದರೆ ಒಂದು ಹುಣಸೆ ಬೀಜ, ಇಳಿಸು ಅಂದರೆ ಒಂದು ಅವರೆ ಕಾಳು. ಹೊಸ ಬಗೆ ಬಂದಾಗ ಹೊಸ ಕಾಳು ಹುಡುಕಬೇಕು. ಎಷ್ಟು ಕಾಳು ಬೇಕಾದೀತೋ ಎಂದು ಅವನ ಹೆಂಡತಿ ಮನೆಯ ಡಬ್ಬಿಗಳನ್ನೆಲ್ಲ ತಂದು ಸಾಲಾಗಿ ಇಟ್ಟಳು. ಮೊದಲ ವಾರ ಮೂರು ಡಬ್ಬಿ ತೆರೆದಳು. ಎರಡನೆಯ ವಾರ ನಾಲ್ಕನೆಯದು. ಇನ್ನೊಂದು ತೆರೆಯುವಷ್ಟರಲ್ಲಿ ತಿಂಗಳೇ ಕಳೆದಿತ್ತು. ಆಮೇಲೆ ಎಷ್ಟು ಕಾದರೂ ಹೊಸ ಡಬ್ಬಿಯ ಅಗತ್ಯ ಬೀಳಲಿಲ್ಲ. “ನಿನ್ನ ಸಾವಿರ ಎಲ್ಲಿ ಸತ್ತಿತು?” ಎಂದು ಹೆಂಡತಿ ನಕ್ಕಳು.

ಒಂದು ಬೆಳೆ ಮುಗಿದ ಮೇಲೆ ಬಡಗಿ ಗಡಿಗೆಯನ್ನು ಮೊರದ ಮೇಲೆ ಸುರಿದ. ರಾಶಿ ದೊಡ್ಡದಿತ್ತು. ಬಗೆ ಐದೇ ಇತ್ತು.

ತೂಬು ಎತ್ತುವುದು. ತೂಬು ಇಳಿಸುವುದು. ಹರಿಯುತ್ತಿರುವುದನ್ನು ಹೆಚ್ಚು ಕಡಿಮೆ ಮಾಡುವುದು. ಒಂದೂರಿನ ಸರದಿಯನ್ನು ಇನ್ನೊಂದೂರಿಗೆ ಕೊಡುವುದು. ಕಾಲುವೆಯಲ್ಲಿ ಜನ ಇಳಿದಿದ್ದಾರೆ, ನೀರು ಬಿಡಬೇಡ ಎನ್ನುವುದು.

“ಐದೇ?” ಎಂದಳು ನೀಲಗಂಗಾ.

“ನಿನ್ನದು ಎಷ್ಟಾಯಿತು?” ಎಂದರು ಮೇಷ್ಟ್ರು.

“ಹನ್ನೊಂದು. ಎಣಿಸುವ ಮೊದಲು ಇನ್ನೂರಾದರೂ ಇರಬಹುದು ಅಂದುಕೊಂಡಿದ್ದೆ.”

“ಹೂಂ” ಎಂದು ಮೇಷ್ಟ್ರು ಮುಂದುವರಿಸಿದರು.

ಬಡಗಿ ಐದು ಬಗೆಯ ಹಲಗೆ ಮಾಡಿದ. ಎತ್ತುವ ಹಲಗೆಯಲ್ಲಿ ಮೂರು ತೂತು. ಒಂದು ತೂತಿಗೆ ಯಾವ ತೂಬು ಎಂದು ಹೇಳುವ ಬೆಣೆ. ದುಂಡಗಿನದು ಮೇಲಿನ ತೂಬಿಗೆ, ಚೌಕದ್ದು ನಡುವಿನದಕ್ಕೆ, ಮೂರು ಮೂಲೆಯದು ಕೆಳಗಿನದಕ್ಕೆ. ಎರಡನೆಯ ತೂತಿಗೆ ಎಷ್ಟು ಗೇಣು ಎತ್ತಬೇಕೆಂಬ ಬೆಣೆ. ಮೂರನೆಯದಕ್ಕೆ ಎಷ್ಟು ಗಳಿಗೆ ಎಂಬ ಬೆಣೆ. ಗೇಣಿನ ಬೆಣೆ ಗಳಿಗೆಯ ತೂತಿಗೆ ಹಿಡಿಯುತ್ತಿರಲಿಲ್ಲ. ಇಳಿಸುವ ಹಲಗೆಗೆ ಒಂದೇ ತೂತು, ಯಾವ ತೂಬು ಎಂದು. ಮುಚ್ಚುವುದಕ್ಕೆ ಎಷ್ಟು ಗೇಣು ಎಂದು ಕೇಳುವುದರಲ್ಲಿ ಅರ್ಥವಿಲ್ಲವಲ್ಲ. ತಡೆಯುವ ಹಲಗೆಯನ್ನು ತೂಬಿನ ಕದಕ್ಕೇ ಸಿಕ್ಕಿಸಬೇಕು. ಅದು ಅಲ್ಲಿ ತೂಗುತ್ತಿರುವಷ್ಟು ದಿನ ಕದ ಮೇಲೇಳುವುದಿಲ್ಲ. ತಂದು ಸಿಕ್ಕಿಸಿದ ಊರಿನವರೇ ಬಂದು ತೆಗೆಯಬೇಕು.

ತೂಬಿನ ಹತ್ತಿರ ಬಡಗಿ ಅಗುಳಿಗಳನ್ನು ಕೂರಿಸಿದ. ಹಲಗೆಯನ್ನು ಅಲ್ಲಿ ನೂಕಿದರೆ ಬೆಣೆಗಳು ಅಗುಳಿಗಳನ್ನು ಎತ್ತುತ್ತವೆ. ಒಂದು ಬೆಣೆ ಕಡಿಮೆಯಾದರೂ ಒಂದು ಅಗುಳಿ ಏಳುವುದಿಲ್ಲ, ಕದ ಮಿಸುಕುವುದಿಲ್ಲ. ನೀರಗಂಟಿ ಮನಸ್ಸು ಮಾಡಿದರೂ ಅಷ್ಟೇ.

ಏಳೂರಿಗೂ ಒಂದೊಂದು ಜೊತೆ ಹಲಗೆ ಹೋಯಿತು. ಜನ ನಗಾಡಿದರು. “ನೀರು ಕೇಳೋಕೆ ಮರ ಹೊತ್ಕೊಂಡು ಹೋಗಬೇಕಂತಪ್ಪ” ಎಂದರು. ಕುಂಬಾರ ಒಮ್ಮೆ ಎರಡೇ ಬೆಣೆ ಇಟ್ಟುಕೊಂಡು ಬಂದು, ಮೂರನೆಯದಕ್ಕಾಗಿ ಎರಡು ಹರಿದಾರಿ ವಾಪಸು ನಡೆದು, ದಾರಿಯುದ್ದಕ್ಕೂ ಬಡಗಿಯ ವಂಶವನ್ನು ಬೈದ. ಎರಡನೆಯ ಸಲ ಅವನು ಗೌಡರ ಜಗಲಿ ಬಿಟ್ಟು ಏಳುವ ಮೊದಲು ತೂತುಗಳನ್ನು ಬೆರಳಿಟ್ಟು ಮುಟ್ಟಿ ನೋಡಿದ. “ಗೌಡ್ರೇ, ಇಲ್ಲೊಂದು ಖಾಲಿ ಇದೆ. ಎಷ್ಟು ಗಳಿಗೆ?” ಎಂದ. ಗೌಡ ಬಾಯಿ ತೆರೆದ, ಮುಚ್ಚಿದ, ಒಂದು ನಿಮಿಷ ಯೋಚಿಸಿದ. ಅವನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಕೆರೆಯಲ್ಲಿ ನೀರು ಎಷ್ಟಿದೆ ಎಂದು ಕೇಳಲು ಯಾವ ಹಲಗೆಯೂ ಬೇಕಿರಲಿಲ್ಲ. ಯಾರು ಕೂಗಿ ಕೇಳಿದರೂ ನೀರಗಂಟಿ ಏರಿಯ ಮೇಲಿಂದ ಕೂಗಿ ಹೇಳುತ್ತಿದ್ದ.

ಒಂದು ಬೆಳೆ ಹೀಗೆ ನಡೆಯಿತು. ಒಂದು ಗದ್ದೆಯೂ ಹೊತ್ತಲ್ಲದ ಹೊತ್ತಿನಲ್ಲಿ ನೆನೆಯಲಿಲ್ಲ.

ಆಮೇಲೆ ಗೌಡ ಒಂದು ದಿನ ಏರಿಗೆ ಬಂದ.

“ಐದು ಹಲಗೆ ಚೆನ್ನಾಗಿವೆ ಕಣಯ್ಯ. ಬೇಡ ಅನ್ನೋದಿಲ್ಲ. ಆದರೆ ಐದರಲ್ಲಿ ಇಲ್ಲದ ಕೆಲಸ ಒಂದು ಬಂತು ಅಂದುಕೋ. ಆಗ ಏನು ಮಾಡೋಣ? ತೂತಿಲ್ಲದ್ದು, ಬೆಣೆ ಇಲ್ಲದ್ದು, ಸಾದಾ ಹಲಗೆ ಊರಿಗೊಂದು ಮಾಡಿಸಿಬಿಡು. ಅದನ್ನು ತಂದವನು ಬಾಯಲ್ಲಿ ಹೇಳುತ್ತಾನೆ. ಮೊದಲಿನ ಹಾಗೆ. ಯಾವಾಗಲೋ ಒಂದು ಸಲ ಬೇಕಾಗೋದು.”

ನೀರಗಂಟಿಗೆ ಒಳಗೆ ಏನೋ ಚುಚ್ಚಿತು. ಆದರೆ ಎದುರಿಗೆ ಗೌಡ ನಿಂತಿದ್ದ. ಗೌಡನ ಹಿಂದೆ ಇನ್ನೂ ಮೂರು ಊರಿನವರು ನಿಂತಿದ್ದರು. ಎಲ್ಲರ ಮುಖದಲ್ಲೂ ನಗು ಇತ್ತು. “ಆಗಲಿ ಗೌಡ್ರೇ” ಎಂದ.

ನೀರಗಂಟಿ ಸಾದಾ ಹಲಗೆ ಎಂದ ಕೂಡಲೇ ಬಡಗಿ ತಲೆ ಅಲ್ಲಾಡಿಸಿದ. “ಅದು ಪೂರ್ತಿ ಮರ. ನೂಕಿದರೆ ಎಲ್ಲ ಅಗುಳಿಯನ್ನೂ ಒಟ್ಟಿಗೆ ಎತ್ತುತ್ತದೆ” ಎಂದ.

“ಯಾವಾಗಲೋ ಒಂದು ಸಲ.”

“ಮಾಡಿಕೊಡುತ್ತೇನೆ. ಕೇಳಿದವನು ನೀನು, ನೆನಪಿರಲಿ” ಎಂದ ಬಡಗಿ. ಏಳು ಸಾದಾ ಹಲಗೆ ಸೀಳಿಕೊಟ್ಟ. ಅರ್ಧ ದಿನದ ಕೆಲಸವೂ ಆಗಲಿಲ್ಲ.

ಮೊದಲ ತಿಂಗಳು ಸಾದಾ ಹಲಗೆ ಒಂದು ಸಲ ಬಂತು. ಕೆರೆಗೆ ಬಿದ್ದ ಎಮ್ಮೆಯನ್ನು ಎಬ್ಬಿಸಬೇಕಿತ್ತು. ಅದಕ್ಕೆ ಹಲಗೆಯೇ ಬೇಕಿರಲಿಲ್ಲ. ಎರಡನೆಯ ತಿಂಗಳು ನಾಲ್ಕು ಸಲ ಬಂತು. ನಾಲ್ಕರಲ್ಲಿ ಮೂರು, ತೂಬು ಎತ್ತು ಎನ್ನುವುದೇ. “ಬೆಣೆ ಹುಡುಕುತ್ತ ಕೂತರೆ ಹೊತ್ತಾಗುತ್ತದೆ ಅಣ್ಣ. ಇವತ್ತೊಂದು ದಿನ” ಎಂದರು. ಬೇಸಿಗೆ ಹೊತ್ತಿಗೆ ಬೇರೆ ಹಲಗೆ ಬರುವುದೇ ನಿಂತಿತು. ಊರುಗಳಲ್ಲಿ ಬೆಣೆ ತುಂಬಿದ ಬುಟ್ಟಿಗೆ ಗೆದ್ದಲು ಹತ್ತಿತು. ಸಾದಾ ಹಲಗೆ ಹಿಡಿದವನು ಮನೆಯಲ್ಲಿ ಯೋಚಿಸಬೇಕಿರಲಿಲ್ಲ, ದಾರಿಯಲ್ಲೂ ಯೋಚಿಸಬೇಕಿರಲಿಲ್ಲ. ಯೋಚನೆಯೆಲ್ಲ ಮತ್ತೆ ಏರಿಯ ಮೇಲಿನ ಒಬ್ಬನ ಪಾಲಿಗೆ ಬಂತು. ಜನ ಮತ್ತೆ ಅವನನ್ನು ಹೊಗಳತೊಡಗಿದರು. ಅವನಿಗೂ ಹಿತವಾಗಿಯೇ ಇತ್ತು.

ಮಳೆಗೆ ಮೊದಲು ಕಾಲುವೆಯ ಹೂಳು ಎತ್ತುವುದು ಆ ಊರುಗಳ ವಾಡಿಕೆ. ಮನೆಗೊಬ್ಬರಂತೆ ಕಾಲುವೆಗೆ ಇಳಿದು, ತಳದ ಕೆಸರನ್ನು ಬುಟ್ಟಿಯಲ್ಲಿ ತುಂಬಿ ದಡಕ್ಕೆ ಕೊಡುತ್ತಾರೆ. ಆ ದಿನ ಬೆಳಿಗ್ಗೆ ನಡುವಿನ ಕಾಲುವೆಗೆ ಒಂದೂರಿನವರು ಇಳಿದರು. ಬಳೆಗಾರ್ತಿಯೊಬ್ಬಳ ಕೈಗೆ ಹಲಗೆ ಕೊಟ್ಟು ಹೇಳಿಕಳಿಸಿದರು. ತಡೆಯುವ ಹಲಗೆ ಅಲ್ಲ, ಸಾದಾ ಹಲಗೆ. ಬಳೆಗಾರ್ತಿ ಬಂದಳು, ಹೇಳಬೇಕಾದ್ದನ್ನು ಒಂದಕ್ಷರ ಬಿಡದೆ ಹೇಳಿದಳು, ಹಲಗೆ ವಾಪಸು ತೆಗೆದುಕೊಂಡು ಹೋದಳು. ತೂಬಿನ ಮೇಲೆ ಏನೂ ತೂಗಲಿಲ್ಲ.

ಅವತ್ತು ಮಧ್ಯಾಹ್ನದೊಳಗೆ ಒಂಬತ್ತು ಸಲ ಸಾದಾ ಹಲಗೆ ಬಂತು. ಒಂದೇ ಥರದ ಹಲಗೆ, ಒಂಬತ್ತು ಮಾತು. ಎಂಟು ನೆನಪಿತ್ತು.

ಒಂಬತ್ತನೆಯವನು ಗಾಣಿಗ. “ನಡುವಿನ ತೂಬು, ಎರಡು ಗೇಣು, ಮೂರು ಗಳಿಗೆ” ಎಂದ. ಮಾತಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ನೀರಗಂಟಿ ಅವನ ಹಲಗೆಯನ್ನು ನೂಕಿದ. ಎಲ್ಲ ಅಗುಳಿಯೂ ಒಟ್ಟಿಗೆ ಎದ್ದವು. ಕದ ಮೇಲೆ ಬಂತು. ನೀರು ಹೊರಟಿತು.

ಹಣೆಯ ಬೆವರು ಒರೆಸಿಕೊಂಡು ಅವನು ಕೆಳಗೆ ನೋಡಿದ. ಕಾಲುವೆಯ ಪಕ್ಕದ ಹೊಂಗೆ ಮರದ ಕೊಂಬೆಗೆ ಬುತ್ತಿಯ ಗಂಟುಗಳು ತೂಗುತ್ತಿದ್ದವು. ಹತ್ತು, ಹದಿನೈದು, ಇನ್ನೂ ಹೆಚ್ಚು. ಮರದ ಕೆಳಗೆ ಯಾರೂ ಇರಲಿಲ್ಲ. ಇಷ್ಟು ಬುತ್ತಿಯ ಜನ ಎಲ್ಲಿ ಎಂದು ಅವನಿಗೆ ಒಂದು ಕ್ಷಣ ಕುತೂಹಲವಾಯಿತು.

ಆಮೇಲೆ ಬಳೆಗಾರ್ತಿ ನೆನಪಾದಳು.

ಕದ ಇಳಿಸಿದ. ಇಳಿಸಿ ಕಾಲುವೆಯ ದಂಡೆಯ ಮೇಲೆ ಓಡಿದ. ಬಿಟ್ಟ ನೀರು ಅವನಿಗಿಂತ ಮುಂದೆ ಇತ್ತು. “ಏಳ್ರೀ! ಮೇಲಕ್ಕೆ ಬನ್ರೀ!” ಎಂದು ಕೂಗಿದ. ಕೂಗು ನೀರಿಗಿಂತ ಸ್ವಲ್ಪ ಮೊದಲು ಮುಟ್ಟಿತು. ಜನ ಬುಟ್ಟಿ ಬಿಸಾಡಿ ದಂಡೆ ಹತ್ತಿದರು. ಎಲ್ಲರಿಗಿಂತ ಕೆಳಗೆ, ಕಲ್ಲಿನ ಇಕ್ಕಟ್ಟಿನಲ್ಲಿ ಒಬ್ಬಳು ಉಳಿದಳು. ನೀರು ಅವಳನ್ನು ಕಲ್ಲಿಗೆ ಒತ್ತಿತು. ನಾಲ್ಕು ಜನ ಸೀರೆಯ ಸೆರಗು, ತೋಳು, ಸಿಕ್ಕಿದ್ದನ್ನು ಹಿಡಿದು ಎಳೆದರು. ಜೀವ ಉಳಿಯಿತು. ಬಲಗೈ ಎರಡು ಕಡೆ ಮುರಿದಿತ್ತು.

ನೀರಗಂಟಿ ಏದುಸಿರು ಬಿಡುತ್ತ ಹತ್ತಿರ ಬಂದ. ಮುಖ ನೋಡಿದ. ಬತ್ತ ಮೊಳೆತಿದ್ದ ಹೆಂಗಸು.

ಅವಳು ಬೈಯಲಿಲ್ಲ. “ಅಣ್ಣ, ಇವತ್ತು ಯಾವ ಹಲಗೆ ಬಂದಿತ್ತು?” ಎಂದಳು.

“ಸಾದಾ” ಎಂದ.

ಅವಳು ಮುಖ ಆಚೆ ತಿರುಗಿಸಿದಳು.

ಮರುದಿನದಿಂದ ಸಾದಾ ಹಲಗೆ ಹಿಡಿದು ಯಾರು ಬಂದರೂ ನೀರಗಂಟಿ ಅದನ್ನು ಕೈಗೆ ತೆಗೆದುಕೊಂಡು ವಾಪಸು ಕೊಡಲಿಲ್ಲ. ಹತ್ತು ದಿನಕ್ಕೆ ಏಳೂ ಸೇರಿದವು. ಏಳನ್ನೂ ಒಲೆಗೆ ಹಾಕಿದ. ಅಂದಿನ ಮುದ್ದೆ ಆ ಉರಿಯಲ್ಲೇ ಬೆಂದಿತು. ಹೆಂಡತಿ ಗೆದ್ದಲು ತಿಂದ ಬೆಣೆಗಳ ಬದಲಿಗೆ ಹೊಸದು ಮಾಡಲು ಬಡಗಿಗೆ ಹೇಳಿಬಂದಳು.

ಗೌಡ ಏರಿಗೆ ಬಂದ. ಈ ಸಲ ನಗು ಇರಲಿಲ್ಲ.

“ಏನಯ್ಯಾ, ಊರಿನ ಹಲಗೆಯನ್ನು ಒಲೆಗೆ ಹಾಕಿದೆಯಂತೆ?”

“ಹೌದು ಗೌಡ್ರೇ.”

“ನಾಳೆ ಐದರಲ್ಲಿ ಇಲ್ಲದ್ದು ಒಂದು ಬಂದರೆ?”

“ಬನ್ನಿ. ಬಡಗಿಯನ್ನು ಕರೆಸೋಣ. ಅದಕ್ಕೆ ಏನೇನು ಹೇಳಬೇಕಾಗುತ್ತದೆ ಅಂತ ಕೂತು ಯೋಚಿಸೋಣ. ಆರನೆಯದು ಕೆತ್ತಿಸೋಣ.”

“ಅಲ್ಲಿಯವರೆಗೆ?”

“ಅಲ್ಲಿಯವರೆಗೆ ಇಲ್ಲ.”

ಮೂರು ತಲೆಮಾರಿನಲ್ಲಿ ಆ ಗುಡಿಸಲಿನ ಬಾಗಿಲಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಗೌಡ ಹೆಗಲ ಮೇಲಿನ ವಸ್ತ್ರ ಕೊಡವಿದ. “ನಿನ್ನ ಅಪ್ಪ ಹೀಗಿರಲಿಲ್ಲ” ಎಂದ. “ಇರಲಿಲ್ಲ” ಎಂದ ನೀರಗಂಟಿ.

ಏರಿಯ ಮೇಲೆ ಹಾದುಹೋಗುವವರು ಅವನನ್ನು ಮಾತಾಡಿಸುವುದು ಬಿಟ್ಟರು. ಒಂದೂರಿನವರು ಬೇರೆ ನೀರಗಂಟಿಯನ್ನು ಹುಡುಕಿದರು, ಯಾರೂ ಸಿಗಲಿಲ್ಲ. ಪುಣ್ಯದ ಮಾತನ್ನು ಮತ್ತೆ ಯಾರೂ ಆಡಲಿಲ್ಲ. ಆದರೆ ಹಲಗೆಗಳು ಬೆಣೆ ಸಮೇತ ಬರತೊಡಗಿದವು. ಹೂಳು ಎತ್ತಿ ಮುಗಿಯುವವರೆಗೆ ನಡುವಿನ ತೂಬಿನ ಮೇಲೆ ತಡೆಯುವ ಹಲಗೆ ತೂಗುತ್ತಿತ್ತು. ಗಾಣಿಗ ಒಂದು ದಿನ ಬಂದು, ಅದನ್ನು ನೋಡಿ, ತಾನಾಗಿಯೇ ತಿರುಗಿ ಹೋದ.

ಮೊದಲ ಮಳೆ ಬಿದ್ದ ದಿನ ಒಬ್ಬ ಬೆಸ್ತ ತೆಪ್ಪವನ್ನು ದಡಕ್ಕೆ ಎಳೆಯುತ್ತ ಕೇಳಿದ. “ಏರಿಯಲ್ಲಿ ನೀರು ಜಿನುಗುವುದು ಕಂಡರೆ ನಾನು ಯಾವ ಹಲಗೆ ತರಲಿ?”

ಅದು ಐದರಲ್ಲಿ ಇರಲಿಲ್ಲ. ನೀರಗಂಟಿಗೆ ಬೇಸರವಾಗಲಿಲ್ಲ. ಸಂಜೆಯೊಳಗೆ ಬಡಗಿಯನ್ನು, ಬೆಸ್ತನನ್ನು, ಗೌಡನನ್ನು ಕೂರಿಸಿದ. ಜಿನುಗುವುದನ್ನು ಮೊದಲು ಕಾಣುವವನು ಯಾರು ಬೇಕಾದರೂ ಆಗಬಹುದು, ಆದ್ದರಿಂದ ಈ ಹಲಗೆ ಯಾವ ಊರಿನಲ್ಲೂ ಇರಬಾರದು, ಏರಿಯ ಮೇಲೆಯೇ ಇರಬೇಕು ಎಂದ ಬೆಸ್ತ. ಎಷ್ಟು ಗಳಿಗೆ ಎಂದು ಅವನನ್ನು ಕೇಳಬಾರದು, ಅವನಿಗೆ ಗೊತ್ತಿರುವುದಿಲ್ಲ ಎಂದ ಬಡಗಿ. ನೀರಿನ ಮಟ್ಟ ಇಳಿಸಲು ಹೆಚ್ಚಿನ ನೀರು ಹೊರಹೋಗುವ ಕೋಡಿಯ ಕದ ಎದ್ದರೆ ಸಾಕು, ತಡೆಯುವ ಹಲಗೆ ತೂಗುವ ತೂಬನ್ನು ಇದೂ ಎತ್ತಬಾರದು ಎಂದ ಗೌಡ. ಹೇಳಿದ ಮೇಲೆ ಗೌಡನಿಗೇ ತನ್ನ ಮಾತು ಹೊಸದಾಗಿ ಕೇಳಿಸಿತು. ಆರನೆಯ ಹಲಗೆಗೆ ಒಂದೇ ತೂತು ಬಿತ್ತು: ಏರಿಯ ಯಾವ ಕಡೆ ಎಂದು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕತೆ ಮುಗಿಯಿತೆಂದು ನೀಲಗಂಗಾಗೆ ತಿಳಿಯಿತು. ಅವಳು ಬೆರಳಿನಲ್ಲಿ ಏನೋ ಎಣಿಸುತ್ತ ಕುಳಿತಿದ್ದಳು. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಒಂದು ಕೊಂಡಿ ಇನ್ನೂ ಕೂಡಿರಲಿಲ್ಲ.

“ಮೇಷ್ಟ್ರೇ, ಸಾದಾ ಹಲಗೆ ಏನು ಮಾಡುತ್ತದೆ ಅಂತ ಬಡಗಿ ಮೊದಲೇ ಹೇಳಿದ್ದ. ನೀರಗಂಟಿಗೂ ಒಳಗೆ ಗೊತ್ತಿತ್ತು. ಒಂದು ಬೆಳೆ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದ. ಮತ್ತೆ ಗೌಡ ಬಂದು ಕೇಳಿದ ದಿನವೇ ಅವನು ‘ಇಲ್ಲ’ ಅನ್ನಬಹುದಿತ್ತಲ್ಲ? ಏಕೆ ಅನ್ನಲಿಲ್ಲ?”

“ಆ ದಿನದವರೆಗೂ ಅವನು ಕಾಯುತ್ತಿದ್ದದ್ದು ತನ್ನ ಒಳ್ಳೆಯ ಹೆಸರನ್ನು, ಮಗಳೇ. ಕೆರೆ ಕಾಯಲು ಶುರುಮಾಡಿದ್ದು ಆಮೇಲೆ.”

ನೀಲಗಂಗಾ ಫೋನ್ ತೆಗೆದು ಕಚೇರಿಗೆ ಬರೆದಳು: ‘ಬದಲಿಸು’ ಬಾಗಿಲು ನಾಳೆ ಮುಚ್ಚುತ್ತದೆ.